ರಹದಾರಿ, ಪರ್ಮಿಟ್, ಪಾಸ್‌ಪೋರ್ಟ್: ಕಾಸರಗೋಡಿನ ಒಂದು ಅರ್ಜಿ ಪುಸ್ತಕದ ಸುತ್ತ

ನನ್ನ ಸ್ವರ ಕೇಳಿಸ್ತಾ ಇದೆ ಅಂದುಕೊಳ್ತೇನೆ. ನಮ್ಮಲ್ಲಿ ಮಳೆ ಜೋರಾಗಿದೆ, ನಡುವೆ ಕರೆಂಟು ಹೋದರೆ ದಯವಿಟ್ಟು ಎರಡು ನಿಮಿಷ ಕಾಯಬೇಕು.

ಗಡಿನಾಡ ಕನ್ನಡಿಗರ ಕುರಿತ ಈ ಗೋಷ್ಠಿಮಾಲೆಯಲ್ಲಿ ನಾವು ಇದುವರೆಗೆ ಮಾತಾಡಿದ್ದು ಹೆಚ್ಚಾಗಿ ರಾಜ್ಯ ರಾಜ್ಯಗಳ ನಡುವಿನ ಗೆರೆಯ ಬಗ್ಗೆ. 1956ರ ನವೆಂಬರ್ 1, ಮಹಾಜನ ಆಯೋಗ, ಕನ್ನಡ ಶಾಲೆಗಳ ಸ್ಥಿತಿ, ಇವೇ ವಿಷಯ. ಈ ಗೆರೆ ದಾಟೋದಕ್ಕೆ ಬಸ್ ಟಿಕೆಟ್ ಸಾಕು. ತಲಪಾಡಿಯಲ್ಲಿ ಯಾರೂ ನಮ್ಮನ್ನು ನಿಲ್ಲಿಸಿ ‘ನೀನು ಯಾವ ದೇಶದವ’ ಅಂತ ಕೇಳೋದಿಲ್ಲ. ಆದರೆ ಇದೇ ಊರುಗಳ ಕೆಲವರ ಬದುಕಿನಲ್ಲಿ ಇನ್ನೊಂದು ಗಡಿ, ದೇಶ ದೇಶಗಳ ನಡುವಿನದ್ದು, ಬಂದು ಹೋಗಿದೆ. ಅಲ್ಲಿ ಕೈಯಲ್ಲಿ ಯಾವ ಕಾಗದ ಇತ್ತು ಅನ್ನೋದೇ ಮುಂದಿನ ಐವತ್ತು ವರ್ಷವನ್ನು ತೀರ್ಮಾನ ಮಾಡಿತು. ಇವತ್ತಿನ ನನ್ನ ಪ್ರಬಂಧ ಆ ಕಾಗದಗಳ ಬಗ್ಗೆ.

ನಾನು ಚರಿತ್ರೆಯ ವಿದ್ಯಾರ್ಥಿ ಅಲ್ಲ, ಕನ್ನಡ ಎಂ.ಎ. ಓದ್ತಾ ಇರುವವನು. ಹಾಗಾಗಿ ಪಠ್ಯದಿಂದಲೇ ಶುರು ಮಾಡ್ತೇನೆ.

ಪಠ್ಯ: ಅಜ್ಜನ ಪುಸ್ತಕ

ನನ್ನ ಅಜ್ಜ ಕುಂಬಳೆ ಸೀಮೆಯ ಒಂದು ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದರು. ಆ ಕಾಲದ ಹಳ್ಳಿ ಮಾಷ್ಟ್ರ ಕೆಲಸ ಪಾಠಕ್ಕೆ ಮುಗೀತಿರಲಿಲ್ಲ. ಮನಿಯಾರ್ಡರ್ ಫಾರಂ ತುಂಬೋದು, ಗೇಣಿಯ ತಕರಾರಿಗೆ ಉತ್ತರ ಬರೆಯೋದು, ತಾಲೂಕು ಕಚೇರಿಗೆ ಅರ್ಜಿ ಬರೆದು ಕೊಡೋದು ಎಲ್ಲ ಅವರ ಪಾಲಿಗೆ ಬರ್ತಿತ್ತು. ಬರೆದು ಕೊಟ್ಟ ಪ್ರತಿ ಅರ್ಜಿಯ ಕರಡನ್ನು ಅವರು ಒಂದು ಉದ್ದದ ಲೆಕ್ಕದ ಪುಸ್ತಕದಲ್ಲಿ ಇಟ್ಟುಕೊಳ್ತಿದ್ದರು. ಕಳೆದ ವರ್ಷ ಅಟ್ಟ ಗುಡಿಸುವಾಗ ಆ ಪುಸ್ತಕ ಸಿಕ್ಕಿತು. ಗೆದ್ದಲು ಅಂಚನ್ನು ತಿಂದಿದೆ, ನಡುಭಾಗ ಓದಲು ಬರುತ್ತದೆ.

ಅದರಲ್ಲಿ 1958ರಿಂದ 1974ರವರೆಗೆ ಒಬ್ಬರಿಗಾಗಿಯೇ ಬರೆದ ಹನ್ನೊಂದು ಅರ್ಜಿಗಳಿವೆ. ಅವರು ನಮ್ಮ ಪಕ್ಕದ ಮನೆಯವರು. ಹೆಸರು ಇಲ್ಲಿ ಹೇಳುವುದಿಲ್ಲ, ಅವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಇದ್ದಾರೆ. ನಾವು ಮಕ್ಕಳೆಲ್ಲ ಅವರನ್ನು ‘ಕರಾಚಿ ಅಜ್ಜ’ ಅಂತಿದ್ದೆವು. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡರು. ಬೆಲ್ಲ ಹಾಕಿದ ಚಾ ಮಾಡಿ ಕೊಡ್ತಿದ್ದರು ಅನ್ನೋದು ಬಿಟ್ಟರೆ ನನಗೆ ಹೆಚ್ಚು ನೆನಪಿಲ್ಲ. ಅವರು ಹುಟ್ಟಿದ ಮನೆಯಲ್ಲೇ ಕಾನೂನಿನ ಪ್ರಕಾರ ಪರದೇಶಿಯಾಗಿ ಸತ್ತರು ಅನ್ನೋದು ಈ ಪುಸ್ತಕ ಓದುವವರೆಗೆ ಗೊತ್ತಿರಲಿಲ್ಲ.

ಟಿಕೆಟ್ಟೇ ಸಾಕಿದ್ದ ಕಾಲ

ಅರ್ಜಿಗಳಿಂದ ತಿಳಿಯುವ ಕಥೆ ಹೀಗಿದೆ. ಅವರು 1946ರಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ, ಬೊಂಬಾಯಿಗೆ ಹೋಗಿ ಅಲ್ಲಿಂದ ಹಡಗಿನಲ್ಲಿ ಕರಾಚಿಗೆ ಹೋದರು. ಮಲಬಾರಿನವರು ಮತ್ತು ನಮ್ಮ ಕಡೆಯವರು ಕರಾಚಿಯಲ್ಲಿ ಚಾ ಹೋಟೆಲು ನಡೆಸೋದು, ಅಲ್ಲಿ ಕೆಲಸಕ್ಕೆ ನಿಲ್ಲೋದು ಆಗ ಸಾಮಾನ್ಯ. ಕರಾಚಿಗೆ ಹೋಗೋದಕ್ಕೂ ಮದರಾಸಿಗೆ ಹೋಗೋದಕ್ಕೂ ಕಾಗದದ ದೃಷ್ಟಿಯಿಂದ ವ್ಯತ್ಯಾಸ ಇರಲಿಲ್ಲ, ಎರಡೂ ಬ್ರಿಟಿಷ್ ಇಂಡಿಯ. 1920ರಲ್ಲೇ ಇಂಡಿಯಾಕ್ಕೆ ಪ್ರವೇಶಿಸುವವರ ಪಾಸ್‌ಪೋರ್ಟ್ ಕುರಿತು ಕಾಯ್ದೆ ಬಂದಿತ್ತು, ನಿಜ. ಒಳಗೊಳಗೇ ಓಡಾಡುವ ಹೋಟೆಲು ಹುಡುಗನಿಗೂ ಅದಕ್ಕೂ ಸಂಬಂಧ ಇರಲಿಲ್ಲ.

1947ರ ಆಗಸ್ಟಿನಲ್ಲಿ ದೇಶ ಎರಡಾಯಿತು. ಆದರೆ ಓಡಾಟಕ್ಕೆ ಕಾಗದ ಬೇಕು ಅನ್ನುವ ನಿಯಮ ಅಂದೇ ಬರಲಿಲ್ಲ. ಇದು ನಾವು ಸಾಮಾನ್ಯವಾಗಿ ಮರೆಯುವ ಸಂಗತಿ. ಗಡಿ ಮೊದಲು ಬಂತು, ಕಾಗದ ಆಮೇಲೆ, ಕಂತು ಕಂತಾಗಿ ಬಂತು.

1948ರ ಜೂನಿನಲ್ಲಿ ಅವರು ಮದುವೆಗೆ ಅಂತ ಊರಿಗೆ ಬಂದರು. ಯಾರೂ ಏನೂ ಕೇಳಲಿಲ್ಲ. ಅವರು ಊರಲ್ಲಿರುವಾಗಲೇ, ಜುಲೈ 19ರಂದು, ಭಾರತ ಸರಕಾರ ಸುಗ್ರೀವಾಜ್ಞೆ ಹೊರಡಿಸಿ ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ಪರ್ಮಿಟ್ ಕಡ್ಡಾಯ ಮಾಡಿತು. ಪಾಕಿಸ್ತಾನ ತನ್ನ ಕಡೆಯ ಪರ್ಮಿಟ್ ವ್ಯವಸ್ಥೆ ತಂದದ್ದು ಅಕ್ಟೋಬರಿನಲ್ಲಿ. ನಮ್ಮ ಕರಾಚಿ ಅಜ್ಜ ಹೊರಟದ್ದು ನಡುವೆ, ಸೆಪ್ಟೆಂಬರಿನಲ್ಲಿ. ಅಂದರೆ ಅವರಿಗೆ ಹೋಗೋದಕ್ಕೆ ಕಾಗದ ಬೇಕಾಗಲಿಲ್ಲ, ವಾಪಸ್ ಬರೋದಕ್ಕೆ ಬೇಕಾಗಿತ್ತು. ಹೊರಡುವ ದಿನ ಅದು ಅವರಿಗೆ ಗೊತ್ತಿತ್ತು ಅಂತ ಯಾವ ಅರ್ಜಿಯಲ್ಲೂ ಇಲ್ಲ.

ಯಾವ ಪರ್ಮಿಟ್?

ಪರ್ಮಿಟ್ ಅಂದರೆ ಒಂದೇ ಬಗೆಯದ್ದಲ್ಲ. ತಾತ್ಕಾಲಿಕ ಭೇಟಿಗೆ ಒಂದು, ಕಾಯಂ ಹಿಂತಿರುಗುವುದಕ್ಕೆ ಒಂದು, ನಿರಾಶ್ರಿತರು ನೆಲೆಸುವುದಕ್ಕೆ ಬೇರೆ, ಪದೇ ಪದೇ ಓಡಾಡುವ ವ್ಯಾಪಾರಿಗಳಿಗೆ ಬೇರೆ, ದಾಟಿ ಹೋಗುವವರಿಗೆ ಬೇರೆ. ಕಾಯಂ ಹಿಂತಿರುಗುವ ಪರ್ಮಿಟ್ ಸಿಗುವುದು ಕಷ್ಟ, ಊರಿನ ಕಡೆಯ ಸರಕಾರದ ಒಪ್ಪಿಗೆ ಬೇಕು, ತಿಂಗಳುಗಟ್ಟಲೆ ಕಾಯಬೇಕು. ತಾತ್ಕಾಲಿಕ ಪರ್ಮಿಟ್ ಬೇಗ ಸಿಗುತ್ತದೆ. ಅಮ್ಮನಿಗೆ ಹುಷಾರಿಲ್ಲ ಅಂತ ಕಾಗದ ಬಂದ ಮನುಷ್ಯ ಯಾವುದಕ್ಕೆ ಅರ್ಜಿ ಹಾಕ್ತಾನೆ? 1950ರಲ್ಲಿ ಅವರು ತಾತ್ಕಾಲಿಕ ಪರ್ಮಿಟ್ ತೆಗೆದುಕೊಂಡು ಬಂದರು, ಅವಧಿ ಮುಗಿಯುವ ಮೊದಲೇ ಪ್ರಾಮಾಣಿಕವಾಗಿ ವಾಪಸ್ ಹೋದರು.

ಇಲ್ಲಿ ಸಂವಿಧಾನವನ್ನು ಪಕ್ಕದಲ್ಲಿ ಇಟ್ಟು ಓದಬೇಕು. ಏಳನೇ ಅನುಚ್ಛೇದ ಹೇಳುವುದು ಇಷ್ಟು: 1947ರ ಮಾರ್ಚ್ 1ರ ನಂತರ ಭಾರತದಿಂದ ಪಾಕಿಸ್ತಾನಕ್ಕೆ ವಲಸೆ ಹೋದವರನ್ನು ಭಾರತದ ಪ್ರಜೆ ಅಂತ ಎಣಿಸುವುದಿಲ್ಲ. ಆದರೆ ಪುನರ್ವಸತಿಯ ಅಥವಾ ಕಾಯಂ ಹಿಂತಿರುಗುವ ಪರ್ಮಿಟ್ ಮೇಲೆ ಮರಳಿ ಬಂದವರಿಗೆ ಈ ಮಾತು ಅನ್ವಯಿಸುವುದಿಲ್ಲ. ಗಮನಿಸಿ, ‘ಮರಳಿ ಬಂದವರಿಗೆ’ ಅಂತಷ್ಟೇ ಅಲ್ಲ, ಇಂಥ ಬಗೆಯ ಪರ್ಮಿಟ್ ಮೇಲೆ ಬಂದವರಿಗೆ. ಕಚೇರಿಯ ಕೌಂಟರಿನಲ್ಲಿ ಅವಸರಕ್ಕೆ ಆರಿಸಿದ ಒಂದು ಫಾರಂನ ಹೆಸರು ಪ್ರಜೆ ಯಾರು ಅನ್ನುವ ಸಂವಿಧಾನದ ವಾಕ್ಯದೊಳಗೆ ಬಂದು ಕೂತಿದೆ.

‘ವಲಸೆ’ ಅಂದರೇನು ಅನ್ನೋದೂ ವಿವಾದಕ್ಕೆ ಬಂತು. ಅಲ್ಲೇ ನೆಲೆಸುವ ಮನಸ್ಸಿನಿಂದ ಹೋದರೆ ಮಾತ್ರ ವಲಸೆಯೇ, ಹೊಟ್ಟೆಪಾಡಿಗೆ ಹೋಗಿ ಬಂದರೂ ವಲಸೆಯೇ? 1966ರಲ್ಲಿ ಸುಪ್ರೀಂ ಕೋರ್ಟ್ ಕುಳತ್ತಿಲ್ ಮಮ್ಮು ವಿರುದ್ಧ ಕೇರಳ ರಾಜ್ಯ ಅನ್ನುವ ಪ್ರಕರಣದಲ್ಲಿ ವಿಶಾಲ ಅರ್ಥವನ್ನೇ ಎತ್ತಿ ಹಿಡಿಯಿತು. ಸ್ವಂತ ಇಚ್ಛೆಯಿಂದ ಹೋಗಿದ್ದರೆ, ಅದು ಒಂದು ನಿರ್ದಿಷ್ಟ ಕೆಲಸಕ್ಕೆ ಅಲ್ಪಾವಧಿಗೆ ಹೋದದ್ದಲ್ಲದಿದ್ದರೆ, ಕಾಯಂ ನೆಲೆಸುವ ಉದ್ದೇಶ ಇರಲೇಬೇಕಾಗಿಲ್ಲ ಅಂದಿತು. ಮನಸ್ಸಿನಲ್ಲಿ ಊರು ಇಟ್ಟುಕೊಂಡೇ ಹೋದವರಿಗೆ ಈ ತೀರ್ಪಿನಿಂದ ಉಳಿದ ಜಾಗ ಬಹಳ ಕಡಿಮೆ.

1952 ಮತ್ತು ಪುಸ್ತಿಕೆ

1952ರ ಅಕ್ಟೋಬರ್ 15ರಿಂದ ಎರಡು ದೇಶಗಳ ನಡುವೆ ಪಾಸ್‌ಪೋರ್ಟ್, ವೀಸಾ ವ್ಯವಸ್ಥೆ ಬಂತು. ಪರ್ಮಿಟ್ ಪ್ರಯಾಣದ ಬಗ್ಗೆ ಮಾತಾಡ್ತಿತ್ತು. ಪಾಸ್‌ಪೋರ್ಟ್ ಹಾಗಲ್ಲ, ಅದು ಹಿಡಿದವನು ಯಾರ ಪ್ರಜೆ ಅಂತ ಮೊದಲ ಪುಟದಲ್ಲೇ ಹೇಳುತ್ತದೆ. ಕರಾಚಿಯ ಹೋಟೆಲು ಕೆಲಸಗಾರನ ಮುಂದೆ ಈಗ ಎರಡು ದಾರಿ. ಭಾರತದ ಹೈಕಮಿಷನ್ನಿಗೆ ಹೋಗಿ ತಾನು ಭಾರತೀಯ ಅಂತ ರುಜುವಾತು ಮಾಡಿ ಭಾರತದ ಪುಸ್ತಿಕೆ ತೆಗೆದುಕೊಳ್ಳಬೇಕು. ಅಥವಾ ಅಲ್ಲಿನ ಸರಕಾರದಿಂದ ಪಾಕಿಸ್ತಾನದ ಪುಸ್ತಿಕೆ ತೆಗೆದುಕೊಂಡು, ಅದರ ಮೇಲೆ ಭಾರತದ ವೀಸಾ ಹಾಕಿಸಿಕೊಂಡು ಬರಬೇಕು.

ಮೊದಲನೆಯದಕ್ಕೆ ದಾಖಲೆ ಬೇಕು. ಆ ಕಾಲದಲ್ಲಿ ಹಳ್ಳಿಯಲ್ಲಿ ಹುಟ್ಟಿ ಶಾಲೆ ಅರ್ಧಕ್ಕೆ ಬಿಟ್ಟವನ ಹತ್ತಿರ ಏನು ದಾಖಲೆ ಇದ್ದೀತು? ಅರ್ಜಿಯೊಂದರ ಪ್ರಕಾರ, ಹೋಟೆಲಿಗೆ ಬರ್ತಿದ್ದ ಒಬ್ಬ ಏಜೆಂಟ್ ಫಾರಂ ತುಂಬಿ, ಸಹಿ ಹಾಕಿಸಿ, ಎರಡನೆಯದನ್ನು ಮಾಡಿಸಿಕೊಟ್ಟ. 1954ರಲ್ಲಿ ಅವರು ಅದನ್ನು ಹಿಡಿದು ಊರಿಗೆ ಬಂದರು. ಅಮ್ಮ ತೀರಿಹೋಗಿದ್ದರು. ವೀಸಾ ಮುಗಿಯಿತು. ಈ ಸಲ ಅವರು ವಾಪಸ್ ಹೋಗಲಿಲ್ಲ.

ಮುಂದಿನ ಎರಡು ಮೂರು ವರ್ಷದಲ್ಲಿ ಕಾನೂನು ಅವರ ಹಿಂದಿನಿಂದ ಬಂದು ಬಾಗಿಲು ಹಾಕಿಕೊಂಡಿತು. 1955ರ ಪೌರತ್ವ ಕಾಯ್ದೆಯ ಒಂಬತ್ತನೇ ಸೆಕ್ಷನ್ ಪ್ರಕಾರ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವನು ಭಾರತದ ಪೌರತ್ವ ಕಳೆದುಕೊಳ್ತಾನೆ. 1956ರ ನಿಯಮಗಳ ಮೂರನೇ ಅನುಸೂಚಿ ಇನ್ನೂ ಮುಂದೆ ಹೋಯಿತು. ಬೇರೆ ದೇಶದ ಪಾಸ್‌ಪೋರ್ಟ್ ಪಡೆದಿರುವುದೇ ಸ್ವಇಚ್ಛೆಯಿಂದ ಆ ಪೌರತ್ವ ಪಡೆದದ್ದಕ್ಕೆ ನಿರ್ಣಾಯಕ ಪುರಾವೆ ಅಂದಿತು. ನಿರ್ಣಾಯಕ ಅಂದರೆ ಅದಕ್ಕೆ ಎದುರು ಮಾತು ಹೇಳುವ ಅವಕಾಶ ಇಲ್ಲ. 1962ರಲ್ಲಿ ಇಝಾರ್ ಅಹ್ಮದ್ ಖಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಊರ್ಜಿತಗೊಳಿಸಿತು. ನಡುವೆ, 1957ರ ಜನವರಿ 19ರಿಂದ, ವಿದೇಶಿಯರ ಕಾಯ್ದೆಯಲ್ಲಿ ‘ವಿದೇಶಿ’ ಅನ್ನುವ ಪದದ ವ್ಯಾಖ್ಯೆಯೇ ಬದಲಾಗಿ, ಭಾರತದ ಪ್ರಜೆ ಅಲ್ಲದ ಯಾರೇ ಆದರೂ ವಿದೇಶಿ ಅಂತಾಯಿತು. ಅಜ್ಜನ ಪುಸ್ತಕದ ಮೊದಲ ಅರ್ಜಿ 1958ರದ್ದು ಯಾಕೆ ಅನ್ನೋದಕ್ಕೆ ಉತ್ತರ ಇಲ್ಲಿದೆ.

ಮನೆ ಕದಲಲಿಲ್ಲ, ಕಚೇರಿ ಕದಲಿತು

ಈ ಕಥೆ ಮಲಬಾರಿನ ಬೇರೆ ಊರುಗಳಲ್ಲೂ ನಡೆದಿದೆ. 2007ರ ಮಲಯಾಳ ಸಿನಿಮಾ ‘ಪರದೇಶಿ’ ಇಂಥವರ ಬಗ್ಗೆಯೇ ಇರುವಂಥದ್ದು. ನಮ್ಮ ಗೋಷ್ಠಿಗೆ ಮುಖ್ಯವಾದದ್ದು ಕಾಸರಗೋಡಿನಲ್ಲಿ ಇದಕ್ಕೆ ಸೇರಿಕೊಂಡ ಇನ್ನೊಂದು ತೊಡಕು.

ಅವರು ಹುಟ್ಟಿದಾಗ ನಮ್ಮೂರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಕಲೆಕ್ಟರ ಕಚೇರಿ ಮಂಗಳೂರು. 1956ರ ನವೆಂಬರ್ 1ಕ್ಕೆ ಕೇರಳದ ಮಲಬಾರ್ ಜಿಲ್ಲೆ, 1957ರ ಜನವರಿ 1ರಿಂದ ಕಣ್ಣೂರು ಜಿಲ್ಲೆ, 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. ಹುಟ್ಟಿದ್ದಕ್ಕೆ, ಶಾಲೆಗೆ ಹೋದದ್ದಕ್ಕೆ, ಜಮೀನಿನ ಕರ ಕಟ್ಟಿದ್ದಕ್ಕೆ ದಾಖಲೆ ಏನಾದರೂ ಇದ್ದರೆ ಅದು ಮಂಗಳೂರಿನಲ್ಲಿ, ಕನ್ನಡದಲ್ಲಿ. ಅರ್ಜಿ ಹೋಗಬೇಕಾದ್ದು ಕಣ್ಣೂರಿಗೆ. ಅಲ್ಲಿ ಅದನ್ನು ಓದುವವರ ಭಾಷೆ ಮಲಯಾಳ. ಅಜ್ಜ 1961ರ ಒಂದು ಅರ್ಜಿಯ ಕರಡನ್ನು ಮೂರು ಸಲ ಬರೆದಿದ್ದಾರೆ. ಮೊದಲ ಕರಡಿನಲ್ಲಿ ಊರಿನ ಹೆಸರು ಕುಂಬಳೆ, ಎರಡನೆಯದರಲ್ಲಿ ‘ಕುಂಬಳೆ ಅಥವಾ ಕುಂಬಳ’, ಮೂರನೆಯದರಲ್ಲಿ ಎರಡೂ ಒಂದೇ ಊರು ಅನ್ನೋದಕ್ಕೆ ಒಂದು ಇಡೀ ಪ್ಯಾರಾ. ಒಬ್ಬ ಮನುಷ್ಯ ಒಂದೇ ಊರಿನವನು ಅಂತ ಸಾಧಿಸುವ ಮೊದಲು ಊರು ಒಂದೇ ಅಂತ ಸಾಧಿಸಬೇಕಾಗಿತ್ತು.

ಇದು ನನಗೂ ಸ್ವಲ್ಪ ಗೊತ್ತು. ಎರಡು ವರ್ಷದ ಹಿಂದೆ ನಾನು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ. ಅಪ್ಪನ ಹೆಸರು ನನ್ನ ಕನ್ನಡ ಮೀಡಿಯಂ ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು ಬಗೆ, ರೇಷನ್ ಕಾರ್ಡಿನಲ್ಲಿ ಕೊನೆಗೊಂದು ‘ನ್’ ಸೇರಿ ಇನ್ನೊಂದು ಬಗೆ. ಕೌಂಟರಿನಲ್ಲಿದ್ದವರು ‘ಇವರಿಬ್ಬರೂ ಒಬ್ಬರೇ ಅಂತ ಹೇಗೆ ನಂಬೋದು’ ಅಂತ ಕೇಳಿದರು. ನನಗೆ ನಗು ಬಂತು, ಅಪ್ಪನಿಗೆ ಬರಲಿಲ್ಲ. ಅಫಿಡವಿಟ್ ಮಾಡಿಸಿ ಮೂರು ವಾರದಲ್ಲಿ ನನ್ನ ಕೆಲಸ ಆಯಿತು. ಕರಾಚಿ ಅಜ್ಜನಿಗೆ ಹದಿನಾರು ವರ್ಷದಲ್ಲೂ ಆಗಲಿಲ್ಲ.

ಹೋಲಿಕೆಗೆ ಗೋವಾ

ಹಿಂದಿನ ಗೋಷ್ಠಿಯಲ್ಲಿ ಗೋವಾ ಕನ್ನಡಿಗರ ಬಗ್ಗೆ ಚರ್ಚೆ ಆದಾಗಲೇ ನನಗೆ ಈ ಹೋಲಿಕೆ ಹೊಳೆದದ್ದು. 1961ರ ಡಿಸೆಂಬರಿನವರೆಗೆ ಕಾರವಾರದ ಮಾಜಾಳಿ ಆಚೆ, ಕ್ಯಾಸಲ್‌ರಾಕ್ ಆಚೆ ಇದ್ದದ್ದು ಇನ್ನೊಂದು ದೇಶದ ಆಡಳಿತ. 1953ರ ಕೊನೆಯಿಂದ ಪೋರ್ಚುಗೀಸ್ ಅಧಿಕಾರಿಗಳ ಓಡಾಟಕ್ಕೆ ಭಾರತ ವೀಸಾ ಬಿಗಿ ಮಾಡಿತು, 1954ರ ಜುಲೈನಲ್ಲಿ ದಮನ್‌ನಿಂದ ದಾದ್ರಾ ಮತ್ತು ನಗರ ಹವೇಲಿಗೆ ಹೋಗುವ ದಾರಿಯನ್ನೇ ನಿಲ್ಲಿಸಿತು. 1955ರ ಆಗಸ್ಟ್ 15ರ ಸತ್ಯಾಗ್ರಹಿಗಳು ಯಾವ ಕಾಗದವೂ ಇಲ್ಲದೆ ಗಡಿ ದಾಟಿದರು, ಕಾಗದ ಇಲ್ಲದಿರುವುದೇ ಅವರ ವಾದ. ಗುಂಡೇಟಿಗೆ ಹಲವರು ಸತ್ತರು. ದಾರಿ ನಿಲ್ಲಿಸಿದ್ದರ ವಿರುದ್ಧ ಪೋರ್ಚುಗಲ್ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1960ರ ಏಪ್ರಿಲ್ 12ರ ತೀರ್ಪು ಸಾಮಾನ್ಯ ಜನ, ಅಧಿಕಾರಿಗಳು ಮತ್ತು ಸರಕಿಗೆ ಹಾದುಹೋಗುವ ಹಕ್ಕು ಇತ್ತು, ಸೈನ್ಯ ಮತ್ತು ಆಯುಧಕ್ಕೆ ಇರಲಿಲ್ಲ ಅಂತ ಹೇಳಿ, ಭಾರತ ತಪ್ಪು ಮಾಡಿಲ್ಲ ಅಂತಲೂ ಹೇಳಿತು.

ನನಗೆ ಮುಖ್ಯವಾದದ್ದು ಆಮೇಲಿನದ್ದು. 1962ರ ಮಾರ್ಚಿನ ಆದೇಶದ ಪ್ರಕಾರ 1961ರ ಡಿಸೆಂಬರ್ 20ಕ್ಕೆ ಮೊದಲು ಗೋವಾ, ದಮನ್, ದಿಯುಗಳಲ್ಲಿ ತಾನೋ, ಅಪ್ಪ ಅಮ್ಮನೋ, ಅಜ್ಜ ಅಜ್ಜಿಯೋ ಹುಟ್ಟಿದ್ದರೆ ಸಾಕು, ಅವರು ಭಾರತದ ಪ್ರಜೆ. ಬೇಡ ಅನ್ನುವವರಿಗೆ ಒಂದು ತಿಂಗಳು ಗಡುವು, ಬರೆದು ಕೊಡಬೇಕು. ಬರೆದು ಕೊಟ್ಟವರಲ್ಲಿ ಪಾದ್ರಿ ಮೊಂತೇರೊ ಒಬ್ಬರು. ಪೋರ್ಚುಗೀಸ್ ಪ್ರಜೆಯಾಗಿ ಉಳಿದ ಅವರು 1964ರ ನವೆಂಬರಿನ ನಂತರ ವಾಸದ ಪರ್ಮಿಟ್ ನವೀಕರಿಸಲಿಲ್ಲ, ಶಿಕ್ಷೆಯಾಯಿತು, 1969ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಾಯಂ ಮಾಡಿತು. ಅವರೂ ಸ್ವಂತ ಊರಲ್ಲಿ ವಿದೇಶಿಯೇ. ಆದರೆ ಅವರಿಗೆ ಪ್ರಶ್ನೆ ಏನು ಅನ್ನೋದು ಗೊತ್ತಿತ್ತು. ‘ಯಾವ ದೇಶ ಬೇಕು’ ಅಂತಲೇ ಕೇಳಲಾಗಿತ್ತು, ಅದಕ್ಕೇ ಅವರು ಉತ್ತರ ಕೊಟ್ಟರು. ಕರಾಚಿ ಅಜ್ಜನನ್ನು ಯಾರೂ ಹಾಗೆ ಕೇಳಲಿಲ್ಲ. ಅವರು ‘ಊರಿಗೆ ಹೋಗೋದು ಹೇಗೆ’ ಅನ್ನುವ ಪ್ರಶ್ನೆಗೆ ಉತ್ತರ ಹುಡುಕಿದರು. ಆ ಉತ್ತರವನ್ನು ಕಾನೂನು ಬೇರೆ ಪ್ರಶ್ನೆಯ ಕೆಳಗೆ ಬರೆದುಕೊಂಡಿತು.

ಒಂದು ಪದ

ಇಲ್ಲಿ ನಾನು ಕನ್ನಡದ ವಿದ್ಯಾರ್ಥಿಯಾಗಿ ಒಂದು ಮಾತು ಹೇಳಬೇಕು. ಅಜ್ಜನ ಅರ್ಜಿಗಳಲ್ಲಿ ಪಾಸ್‌ಪೋರ್ಟಿಗೆ ಎರಡು ಪದ ಇವೆ. ಕಾನೂನಿನ ವಿಷಯ ಬರುವಲ್ಲಿ ‘ಪಾಸುಪೋರ್ಟು’. ಅವರು ಅದನ್ನು ಯಾಕೆ ತೆಗೆದುಕೊಂಡರು ಅಂತ ವಿವರಿಸುವಲ್ಲಿ ಮಾತ್ರ ‘ರಹದಾರಿ’. ಹನ್ನೊಂದು ಅರ್ಜಿಗಳಲ್ಲೂ ಈ ವ್ಯತ್ಯಾಸ ತಪ್ಪಿಲ್ಲ. ರಹದಾರಿ ಪಾರಸಿಯಿಂದ ಬಂದ ಹಳೆಯ ಮಾತು. ‘ರಾಹ್’ ಅಂದರೆ ದಾರಿ. ದಾರಿಯಲ್ಲಿ ತಡೆಯದೆ ಬಿಡಿ ಅನ್ನುವ ಚೀಟಿ ಅದು. ಹಿಡಿದವನು ಯಾರ ಪ್ರಜೆ ಅನ್ನೋದರ ಬಗ್ಗೆ ಆ ಪದಕ್ಕೆ ಅಭಿಪ್ರಾಯ ಇಲ್ಲ. ಇವತ್ತಿಗೂ ನಮ್ಮ ಸರಕಾರಿ ಕನ್ನಡದಲ್ಲಿ ಅದು ವಾಹನಗಳ ಪರ್ಮಿಟ್ಟಿಗೆ ಉಳಿದುಕೊಂಡಿದೆ.

ಅಜ್ಜ ವಕೀಲರಲ್ಲ. ಇಝಾರ್ ಅಹ್ಮದ್ ಖಾನ್ ತೀರ್ಪು ಓದಿರಲಿಕ್ಕಿಲ್ಲ. ಆದರೆ ಆ ಪ್ರಕರಣದ ನಡುವಿನ ವಾದವನ್ನೇ ಅವರು ಪದದ ಆಯ್ಕೆಯಲ್ಲಿ ಮಾಡಿದ್ದಾರೆ: ಈ ಮನುಷ್ಯ ತೆಗೆದುಕೊಂಡದ್ದು ದಾರಿಯ ಕಾಗದ, ದೇಶದ ಕಾಗದ ಅಲ್ಲ. ಕಣ್ಣೂರಿನ ಕಚೇರಿಯಲ್ಲಿ ಅದನ್ನು ಅನುವಾದ ಮಾಡಿದವರು ಎರಡಕ್ಕೂ ಒಂದೇ ಪದ ಹಾಕಿರಬೇಕು ಅನ್ನೋದು ನನ್ನ ಊಹೆ. ಆ ಕಡತ ನಾನು ನೋಡಿಲ್ಲ.

ಇದನ್ನು ಬರೀ ಕರುಣೆಯ ಕಥೆ ಮಾಡೋದು ಸರಿಯಲ್ಲ. ಪರ್ಮಿಟ್ ಬಂದಾಗ ಲಕ್ಷಾಂತರ ನಿರಾಶ್ರಿತರು ದೆಹಲಿಯಲ್ಲಿ, ಪಂಜಾಬಿನಲ್ಲಿ ನೆಲೆ ಇಲ್ಲದೆ ಇದ್ದರು, ಬಿಟ್ಟುಹೋದ ಮನೆ ಜಮೀನುಗಳು ಯಾರಿಗೆ ಅನ್ನುವ ಜಗಳ ಇತ್ತು. ಬೇಕು ಅಂತಲೇ ಪಾಕಿಸ್ತಾನ ಆರಿಸಿಕೊಂಡವರೂ ಇದ್ದರು. ಯಾರು ಯಾವ ಮನಸ್ಸಿನಿಂದ ಹೋದರು ಅಂತ ಒಬ್ಬೊಬ್ಬರನ್ನೇ ಕೂರಿಸಿ ಕೇಳೋದು ಯಾವ ಸರಕಾರಕ್ಕೂ ಸುಲಭ ಅಲ್ಲ. ಕಾಗದವನ್ನು ನಂಬುವುದು ಸುಲಭ. ನನ್ನ ತಕರಾರು ಇರೋದು ಆ ಸುಲಭವನ್ನು ‘ನಿರ್ಣಾಯಕ’ ಮಾಡಿದ್ದರ ಬಗ್ಗೆ.

ಈಗಲೂ ಕಾಗದ ಆರಿಸುವ ಪ್ರಶ್ನೆ ನಮ್ಮ ಜಿಲ್ಲೆಯನ್ನು ಬಿಟ್ಟಿಲ್ಲ. ಮನೆಗೊಬ್ಬರು ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆ. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೇ ಕ್ಲಾಸು ಆಗದವರು ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರಕಾರದ ಒಪ್ಪಿಗೆ ಪಡೆಯಬೇಕು. ತಡ ಆಗುತ್ತದೆ ಅಂತ ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಿದವರನ್ನು ನಾನು ಬಲ್ಲೆ. ಬೇಗ ಸಿಗುವ ಕಾಗದ, ಏಜೆಂಟನ ಮಾತು, ಆಮೇಲೆ ಸಂಬಳ ಸಿಗದಾಗ ತೋರಿಸೋದಕ್ಕೆ ಕರಾರು ಪತ್ರ ಇಲ್ಲ. 1950ರ ತಾತ್ಕಾಲಿಕ ಪರ್ಮಿಟ್ಟಿಗೂ ಇದಕ್ಕೂ ಇರುವ ಹೋಲಿಕೆ ನಿಮಗೆ ಕಾಣಿಸಬಹುದು.

(ಚರ್ಚೆಯಲ್ಲಿ ಮೇಡಂ ಒಬ್ಬರು, ಹನ್ನೊಂದನೇ ಅರ್ಜಿಗೆ ಏನು ಉತ್ತರ ಬಂತು ಅಂತ ಕೇಳಿದರು. ಆ ಭಾಗವನ್ನು ಇಲ್ಲಿ ಸೇರಿಸಿದ್ದೇನೆ.)

ಉತ್ತರ ಪುಸ್ತಕದಲ್ಲಿ ಇಲ್ಲ ಮೇಡಂ. 1974ರ ಆ ಅರ್ಜಿಯ ಕರಡಿನ ಕೆಳಗೆ ಕಳಿಸಿದ ತಾರೀಕು ಮಾತ್ರ ಇದೆ. ಅಜ್ಜಿಯನ್ನು ಕೇಳಿದೆ. ಆಮೇಲೆ ಅವರೇ ಬರೆಯೋದು ಬೇಡ ಅಂದರಂತೆ. ‘ಮಾಷ್ಟ್ರೇ, ಇನ್ನು ಕಾಗದ ಹೋದರೆ ನಾನು ಇಲ್ಲಿದ್ದೇನೆ ಅಂತ ಅವರಿಗೆ ನೆನಪಾಗ್ತದೆ, ಸುಮ್ಮನಿರುವ’ ಅಂದರಂತೆ. ಠಾಣೆಯವರು ಆಗೊಮ್ಮೆ ಈಗೊಮ್ಮೆ ಬಂದು ನೋಡಿ ಹೋಗ್ತಿದ್ದರು, ಬಂದವರಿಗೂ ಚಾ ಕೊಡ್ತಿದ್ದರು. ಅವರು ಒಂದು ಸಲವೂ ಓಟು ಹಾಕಲಿಲ್ಲ. ಮತದಾನದ ದಿನ ನಮ್ಮಜ್ಜ ಅವರ ಮನೆಯ ಮುಂದಿನ ದಾರಿ ಬಿಟ್ಟು ತೋಟದ ಒಳಗಿನಿಂದ ಶಾಲೆಗೆ ಹೋಗ್ತಿದ್ದರು ಅಂತ ಅಜ್ಜಿ ಹೇಳ್ತಾರೆ. ಯಾಕೆ ಅಂತ ಕೇಳಿದ್ದಕ್ಕೆ, ಬೆರಳಿಗೆ ಶಾಯಿ ಇರ್ತದಲ್ಲ ಮಗಾ, ಅಂದರು.

ಪುಸ್ತಕವನ್ನು ನಾನು ಈಗ ಪುಟ ಪುಟ ಫೋಟೋ ತೆಗೆದು ಇಟ್ಟಿದ್ದೇನೆ. ಗಡಿನಾಡಿನ ಮಾಷ್ಟ್ರ ಮನೆಗಳ ಅಟ್ಟದಲ್ಲಿ ಇಂಥವು ಇನ್ನೂ ಇರಬೇಕು. ಕತೆ ಕವಿತೆಗಳನ್ನು ಹುಡುಕುವ ಹಾಗೆ ಅರ್ಜಿಗಳನ್ನೂ ಹುಡುಕೋಣ ಅಂತ ಸಹಪಾಠಿಗಳಲ್ಲಿ ಕೇಳಿಕೊಳ್ತೇನೆ. ಮಳೆಗಾಲ ಮುಗಿಯುವ ಮೊದಲು ನೋಡಿದರೆ ಒಳ್ಳೆಯದು, ಗೆದ್ದಲು ಕಾಯೋದಿಲ್ಲ.